ಹಾರುವವರನ್ನು ಹಿಡಿಯುವ ದೀಪ

ದೊಡ್ಡ ದೀಪ ಹಾಕಿದರೆ ಓಡುವ ಕುದುರೆಯೂ ಚಿತ್ರದಲ್ಲಿ ಗಕ್ಕನೆ ನಿಲ್ಲುತ್ತದೆ ಎಂಬುದು ನಮ್ಮ ಫೋಟೋದವರ ಸಿದ್ಧಾಂತ. (ಕುದುರೆಯನ್ನು ಕೇಳಿದವರಾರು!) ಇಪ್ಪತ್ತು ವರ್ಷ "ಅಲ್ಲಾಡಬೇಡಿ, ಗದ್ದ ಮೇಲೆ" ಎನ್ನುತ್ತಾ ಪಾಸ್‌ಪೋರ್ಟ್ ಫೋಟೋ ತೆಗೆದ ಮಹಾನುಭಾವರಿಗೆ ಈಗ ಅಲ್ಲಾಡುವವರದೇ ಕೆಲಸ ಗಂಟುಬಿದ್ದಿತ್ತು. ನೃತ್ಯಶಾಲೆಯ ಟೀಚರಿಗೆ ಪೋಸ್ಟರಿಗಾಗಿ ಕುಣಿಯುವವರು ಗಾಳಿಯಲ್ಲಿ ಹಾರಿದ ಚಿತ್ರ ಬೇಕಂತೆ.

"ನಾಳೆ ಹತ್ತು ಗಂಟೆಗೆ ಬರ್ತೀನಿ, ಒಂದು ಸ್ಯಾಂಪಲ್ ತೋರ್ಸಿ. ಮಸುಕಾಗಿದ್ರೆ ಎದುರು ಸ್ಟುಡಿಯೋಗೆ ಹೋಗ್ತೀನಿ" ಎಂದು ಖಡಾಖಂಡಿತವಾಗಿ ಹೇಳಿ ಹೋಗಿದ್ದರು.

ಎದುರು ಸ್ಟುಡಿಯೋ! ಆ ಮಾತು ಕೇಳಿದರೆ ಸಾಕು, ಇವರ ಮೈಯೆಲ್ಲ ಉರಿಯುತ್ತಿತ್ತು. ಮಧ್ಯಾಹ್ನವೇ ಒಂದು ರಾಕ್ಷಸ ದೀಪ ಮೂರು ಕಾಲಿನ ಮೇಲೆ ಒಳಗೆ ದಯಮಾಡಿಸಿತು. ಮುಚ್ಚಿಹೋದ ನಾಟಕ ಕಂಪನಿಯ ಸರಕು, ಅಗ್ಗಕ್ಕೆ ಸಿಕ್ಕಿತಂತೆ.

"ಏನ್ರೀ ಇದು?" ಕೌಂಟರಿನಲ್ಲಿ ಫೋಟೋ ಕತ್ತರಿಸುತ್ತಿದ್ದ ಹೆಂಡತಿ ಹೌಹಾರಿದರು. "ಮದುವೆಗೆ ಒಯ್ಯೋ ಎರಡು ಸಣ್ಣ ಫ್ಲಾಶ್ ಬೀರುವಿನಲ್ಲೇ ಇವೆಯಲ್ಲ?"

"ಅಂಗೈಯಗಲದ್ದು! ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ನೀನು ಸುಮ್ನೆ ಸ್ಟೂಲ್ ಹತ್ತಿ ಹಾರು."

ಆಕೆ ಆರು ಸಲ ಹಾರಿದರು. ಆರು ಚಿತ್ರಗಳಲ್ಲೂ ಗಾಳಿಗೆ ಬಡಿದಾಡುವ ಬೆಡ್‌ಶೀಟು! ಮುಖ ಎಲ್ಲಿ, ಕೈ ಎಲ್ಲಿ ಎಂದು ಹುಡುಕಬೇಕು. ಏಳನೆಯ ಸಲಕ್ಕೆ ದೀಪದ ಕಾವಿಗೆ ಹಿಂದಿನ ಪರದೆ ಸೀದ ವಾಸನೆ ಬಂತು.

"ಸಾಕು ನಿಲ್ಸಿ! ನನ್ನ ಮಂಡಿ ಹೋಯ್ತು. ಈಗ ನೀವು ಹಾರಿ, ನಾನು ತೆಗೀತೀನಿ."

"ನಾನಾ?"

"ಯಾಕೆ, ನಿಮ್ಮ ಕಾಲೇನು ಗಾಜಿಂದಾ?"

ಆಕೆ ರಾಕ್ಷಸನನ್ನು ಆರಿಸಿ, ಕಿಟಕಿ ಪರದೆ ಎಳೆದು ಕತ್ತಲು ಮಾಡಿ, ಸ್ಟೂಲಿನ ಎರಡೂ ಬದಿಗೆ ಹತ್ತಿರದಲ್ಲೇ ಸಣ್ಣ ಫ್ಲಾಶ್ ನಿಲ್ಲಿಸಿದರು. ಆಮೇಲೆ ಅವುಗಳ ಪವರನ್ನು ಹದಿನಾರರಲ್ಲಿ ಒಂದು ಪಾಲಿಗೆ ಇಳಿಸಿದರು.

"ಅಯ್ಯೋ, ಪೂರ್ತಿ ಇಡೇ! ಇರೋ ಜೀವಾನೂ ತೆಗೀತೀಯಲ್ಲ!"

"ಪವರ್ ಇಳಿಸಿದಷ್ಟೂ ಫ್ಲಾಶ್ ಬೇಗ ಮಿಂಚಿ ಆರುತ್ತೆ. ಕತ್ತಲಲ್ಲಿ ಆ ಮಿಂಚಿದ ಗಳಿಗೆ ಮಾತ್ರ ಚಿತ್ರಕ್ಕೆ ಸಿಗೋದು. ಬೆಳಕು ಸಾಲದಿದ್ರೆ ಹತ್ತಿರ ಇಟ್ರಾಯ್ತು. ಅದರ ಪುಸ್ತಿಕೇಲೇ ಬರೆದಿದೆ. ನೀವು ಅದನ್ನ ಮೇಜಿನ ಕಾಲಡಿಗೆ ಒತ್ತುಕೊಟ್ಟಿದ್ರಿ. ಗಿರಾಕಿ ಇಲ್ಲದಾಗ ತೆಗೆದು ಓದಿದೆ."

ಫೋಟೋದವರು ಗೊಣಗುತ್ತಲೇ ಹಾರಿದರು. ಇಳಿದವರೇ ಕ್ಯಾಮೆರಾ ಕಸಿದು ಚಿತ್ರ ನೋಡಿದರು. ಕಾಲಿನಿಂದ ಕಳಚಿದ ಚಪ್ಪಲಿ, ಹೊರಗೆ ಚಾಚಿದ ನಾಲಿಗೆ, ಯಜಮಾನನಿಗಿಂತ ಮೊದಲೇ ಮೇಲೇರಿದ ಹೊಟ್ಟೆ, ಕಿತ್ತು ಹಾರಿದ ಅಂಗಿ ಗುಂಡಿ, ಎಲ್ಲವೂ ಗಾಳಿಯಲ್ಲಿ ಕೆತ್ತಿಟ್ಟಂತೆ ನಿಂತಿದ್ದವು. ಗುಂಡಿಯ ನಾಲ್ಕು ತೂತುಗಳನ್ನೂ ಎಣಿಸಬಹುದಿತ್ತು.

"ಗೆದ್ದೆ ಕಣೇ! ಗೆದ್ದೇಬಿಟ್ಟೆ!" ಎಂದು ಸ್ಟುಡಿಯೋ ತುಂಬ ಕುಣಿದರು. (ಗೆದ್ದವರು ಯಾರು ಎಂಬ ಸಣ್ಣ ವಿಚಾರ ಇರಲಿ ಬಿಡಿ.) ಅವರಿಗೆ ಇಷ್ಟು ಸಂತೋಷವಾಗಿ ವರ್ಷಗಳೇ ಆಗಿದ್ದವು.

ಮರುದಿನ ಟೀಚರ್ ಬಂದಾಗ, "ನಮ್ಮ ಪದ್ಧತಿ ಏನಂದ್ರೆ ಮೇಡಂ, ಸಣ್ಣ ದೀಪ, ಹತ್ತಿರದ ದೀಪ..." ಎಂದು ಭಾಷಣ ಶುರುವಾಯಿತು. ಟೀಚರ್ ಕೇಳಿಸಿಕೊಂಡರೆ ತಾನೇ? ಚಿತ್ರ ಹಿಡಿದು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು.

"ಕೆಲಸ ನಿಮಗೇ! ವರ್ಷದ ಚಿತ್ರಗಳೆಲ್ಲ ಇಲ್ಲೇ. ಆದ್ರೆ ಇದನ್ನ ತೆಗೆದೋರೇ ತೆಗೀಬೇಕು."

ಹೆಂಡತಿ ಕತ್ತರಿ ಕೆಳಗಿಟ್ಟು ಮುಂದೆ ಬಂದರು.

"ಮತ್ತೆ ನಾನು?" ಎಂದರು ಫೋಟೋದವರು.

"ನಿಮ್ಮ ಕೆಲಸ ಆಗ್ಲೇ ಮುಗೀತು ಸಾರ್. ಈ ಚಿತ್ರ ಪೋಸ್ಟರಿಗೆ ಹಾಕ್ಲಾ?"

ಗೆಲುವಿನ ಗುಂಗಿನಲ್ಲಿದ್ದವರು ಎಲ್ಲಕ್ಕೂ ತಲೆಯಾಡಿಸಿದರು.

ಮುಂದಿನ ವಾರ ಊರಿನ ಗೋಡೆಗೋಡೆಯ ಮೇಲೂ ನಮ್ಮ ಫೋಟೋದವರು ನಾಲಿಗೆ ಚಾಚಿ ಆಳೆತ್ತರ ಹಾರುತ್ತಿದ್ದರು. ಕೆಳಗೆ ದಪ್ಪಕ್ಷರದಲ್ಲಿ ಹೀಗಿತ್ತು: "ಹೆದರಬೇಡಿ. ನಾವು ಯಾರಿಗೆ ಬೇಕಾದರೂ ನೃತ್ಯ ಕಲಿಸುತ್ತೇವೆ."