ಎಡಕ್ಕೆ ತಿರುಗದ ಕಾರು

ನಮ್ಮ ಸೋದರಮಾವನಿಗೆ ಕಾರು ಓಡಿಸಲು ಬರುತ್ತದೆ, ಎಡಕ್ಕೆ ತಿರುಗಿಸಲು ಮಾತ್ರ ಬರುವುದಿಲ್ಲ ಎಂದು ಯಲಹಂಕದಲ್ಲೆಲ್ಲ ಪ್ರಚಾರವಾಗಿತ್ತು! ಇದು ಶುದ್ಧ ಸುಳ್ಳು. ಮಾವನಿಗೆ ಎಲ್ಲ ಕಡೆಗೂ ತಿರುಗಿಸಲು ಬರುತ್ತಿತ್ತು. ತಿರುಗದೇ ಇದ್ದದ್ದು ಕಾರು. ಆದರೆ ಕಾರನ್ನು ಆ ಸ್ಥಿತಿಗೆ ತಂದವರು ಸ್ವತಃ ಮಾವನೇ ಆದ್ದರಿಂದ ಊರಿನವರನ್ನು ಪೂರ್ತಿ ಬೈಯುವಂತೆಯೂ ಇರಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ತನ್ನ ದೇಶಕ್ಕೆ ಹೊರಟ ದೊರೆಯೊಬ್ಬ ಮಾರಿಹೋದ ಎರಡೇ ಸೀಟಿನ ಸ್ಪೋರ್ಟ್ಸ್ ಕಾರು ಅದು. ತಲೆಯ ಮೇಲೆ ಸೂರಿಲ್ಲ. ಸೈಕಲ್ಲಿನ ಹಾಗೆ ಕಡ್ಡಿಯ ಚಕ್ರಗಳು. ಸೀಟೋ, ನೆಲಕ್ಕೆ ಅಂಟಿಕೊಂಡಷ್ಟು ತಗ್ಗು. ಅದರಲ್ಲಿ ಹತ್ತಿ ಕೂರುವುದಲ್ಲ, ಇಳಿದು ಕೂರಬೇಕು! ಮಾವ ದಿನಾ ಸಂಜೆ ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೆಬ್ಬಾಳದ ಕೆರೆ ಏರಿಯವರೆಗೆ ಹೋಗಿ ಬರುತ್ತಿದ್ದರು. ಬೀದಿಯ ಹೆಂಗಸರು "ಈ ವಯಸ್ಸಲ್ಲಿ!" ಎನ್ನುತ್ತಿದ್ದರು. ಅತ್ತೆಗೆ ಹಾಗೆ ಅನ್ನಿಸಿಕೊಳ್ಳುವುದೂ ಇಷ್ಟವೇ.

ಆಮೇಲೆ ಅತ್ತೆಗೆ ಕೀಲುನೋವು ಹಿಡಿಯಿತು. ಮೊದಲು ಮಂಡಿ, ನಂತರ ಸೊಂಟ. ಒಂದು ಸಂಜೆ ಸೀಟಿನಿಂದ ಏಳಲಾಗದೆ, ಅಕ್ಕಪಕ್ಕದವರು ಸೇರಿ ಅವರನ್ನು ಎತ್ತಿ ಹೊರತೆಗೆಯಬೇಕಾಯಿತು. ಮರುದಿನ, "ನಂಗೆ ಆ ಗಾಳಿ ಒಗ್ಗಲ್ಲ ಕಣ್ರೀ, ನೀವು ಹೋಗ್ಬನ್ನಿ" ಎಂದು ನಡುಮನೆಯ ಮಂಚ ಹಿಡಿದರು. ಪಾಪ, ಗಾಳಿ ಏನು ಮಾಡಿತ್ತು? ಅಂದಿನಿಂದ ಅವರ ಪಾಲಿನ ಆಕಾಶವೆಂದರೆ ಸೂರಿನ ಗವಾಕ್ಷಿಯಷ್ಟೇ.

ಮಾವನಿಗೆ ಇದನ್ನು ನೋಡಲಾಗಲಿಲ್ಲ. ಸೀಟಿಗೆ ದಿಂಬು ಪೇರಿಸಿದರು. ಅತ್ತೆಯ ಮಂಡಿ ಮುಂದಿನ ಹಲಗೆಗೆ ತಾಗಿತು. ಹಾಗಾದರೆ ಕಾರನ್ನೇ ಎತ್ತರಿಸಿದರಾಯಿತು! ಎಲ್ಲಿಂದಲೋ ಹಳೆಯ ವ್ಯಾನೊಂದರ ದೊಡ್ಡ ಚಕ್ರಗಳನ್ನು ಸಂಪಾದಿಸಿ, ಯಶವಂತಪುರದ ಗ್ಯಾರೇಜಿನ ಮೇಸ್ತ್ರಿಯ ಮುಂದೆ ಇಳಿಸಿದರು.

"ಸಾರ್, ಇದು ವ್ಯಾನಿನ್ ಚಕ್ರ. ಈ ಕಾರಿಗೆ ಬೋಲ್ಟೇ ಕೂರಲ್ಲ."

"ಕೂರೋ ಹಾಗೆ ಮಾಡಪ್ಪ. ನಮ್ಮನೇವಳು ಕೂರ್ಬೇಕು."

ಮೇಸ್ತ್ರಿ ನಡುವೆ ಕಬ್ಬಿಣದ ಬಿಲ್ಲೆಗಳನ್ನು ಕೊಟ್ಟು ಹೇಗೋ ಕೂರಿಸಿದ. ಹೊರಬಂದ ಕಾರು ಗಿಡ್ಡ ಮನುಷ್ಯ ಮರಗಾಲು ಕಟ್ಟಿಕೊಂಡು ನಿಂತ ಹಾಗಿತ್ತು! ಚಕ್ರ ದೊಡ್ಡದಾದ್ದರಿಂದ ವೇಗದ ಮುಳ್ಳು ಬೇರೆ ಕಡಿಮೆ ತೋರಿಸಿ ಸುಳ್ಳು ಹೇಳತೊಡಗಿತು.

"ಮೂವತ್ತರ ಮೇಲೆ ಹೋಗೇ ಇಲ್ಲ ಕಣೇ ನಾನು."

"ಹಾಗಾದ್ರೆ ಆ ಬಸ್ಸು ಯಾಕ್ರೀ ಹಿಂದೆ ಉಳೀತು?" ಎಂದು ಅತ್ತೆ.

ಹೌದು, ಅತ್ತೆ ಮತ್ತೆ ಕಾರಿನಲ್ಲಿದ್ದರು! ಕುರ್ಚಿಯಲ್ಲಿ ಕೂತಷ್ಟೇ ಸಲೀಸಾಗಿ.

ತೊಂದರೆ ಒಂದೇ. ಎಡಕ್ಕೆ ಜೋರಾಗಿ ತಿರುಗಿಸಿದರೆ ಚಕ್ರ ಮಡ್‌ಗಾರ್ಡಿಗೆ ಉಜ್ಜಿ ಕಿರ್ರೋ ಎನ್ನುತ್ತಿತ್ತು. ಹೆಬ್ಬಾಳದಿಂದ ಬರುವಾಗ ಬಳ್ಳಾರಿ ರಸ್ತೆಯಿಂದ ನಮ್ಮ ಮನೆಗೆ ತಿರುಗಬೇಕಾದದ್ದು ಎಡಕ್ಕೇ! ಹಾಗಾಗಿ ಮಾವ ಸ್ವಂತ ಮನೆಯ ತಿರುವನ್ನೇ ದಾಟಿ, ಮುಂದೆ ದೂರದಲ್ಲಿದ್ದ ಮೈದಾನದವರೆಗೆ ಹೋಗಿ, ಅಲ್ಲಿ ದೊಡ್ಡ ಸುತ್ತು ಹೊಡೆದು, ವಾಪಸ್ಸು ಬಂದು ಬಲಕ್ಕೆ ತಿರುಗುತ್ತಿದ್ದರು. ಊರಿಗೆ ಊರೇ ನಕ್ಕಿತು. ಅವರ ಮನೆಯಲ್ಲೇ ಬೆಳೆದವಳು ನಾನೂ ನಕ್ಕೆ.

"ಮಾಮ, ಮೇಸ್ತ್ರಿ ಹತ್ರ ಸರಿ ಮಾಡಿಸ್ಬಾರ್ದಾ?"

"ಕೇಳ್ದೆ ಕಣೇ. ಆಗಲ್ವಂತೆ."

ಅತ್ತೆ ಮಾತ್ರ ಆ ಸುತ್ತಿನ ಉದ್ದಕ್ಕೂ ತಲೆ ಹಿಂದಕ್ಕೊರಗಿಸಿ, ಜಕ್ಕೂರಿನಿಂದ ಎದ್ದ ವಿಮಾನ ಕಣ್ಮರೆಯಾಗುವವರೆಗೂ ನೋಡುತ್ತ ಕೂತಿರುತ್ತಿದ್ದರು.

ಒಂದು ಚಳಿಗಾಲ ಅತ್ತೆ ತೀರಿಕೊಂಡರು. ನಡುಮನೆಯ ಮಂಚ ತೆಗೆದ ಮೇಲೆ ಆ ಖಾಲಿ ಜಾಗ ನೋಡಿದರೆ ನನಗೆ ಅಳು ಬರುತ್ತಿತ್ತು. ಮಾವ ಅಳಲಿಲ್ಲ. ಕಾರು ಮುಟ್ಟಲಿಲ್ಲ ಅಷ್ಟೇ. ತಿಂಗಳುಗಳು ಕಳೆದ ಮೇಲೆ ಒಂದು ದಿನ, "ಹಳೇ ಚಕ್ರ ಹಾಕ್ಸಿ ಮಾರ್ಬಿಡ್ತೀನಿ. ಎತ್ತರ ಇನ್ಯಾರಿಗೆ ಬೇಕು?" ಎಂದು ಹೊರಟರು. ಒಬ್ಬರನ್ನೇ ಕಳಿಸಲು ಮನಸ್ಸಾಗದೆ ನಾನೂ ಹೋದೆ. ಅತ್ತೆಯ ಸೀಟಿನಲ್ಲಿ ನಾನು ಕೂತದ್ದು ಅದೇ ಮೊದಲು.

ಮೇಸ್ತ್ರಿ ಸ್ಪ್ಯಾನರ್ ಹಿಡಿದವನು ಬೋಲ್ಟಿಗೆ ಕೈ ಹಾಕಲಿಲ್ಲ. ಮಡ್‌ಗಾರ್ಡಿನ ಅಂಚನ್ನು ಸವರುತ್ತ ನಿಂತ.

"ಸಾರ್, ಬೇಜಾರ್ ಮಾಡ್ಕೋಬೇಡಿ. ಈ ಚಕ್ರ ಉಜ್ಜೋದು ಸರಿ ಮಾಡೋಕೆ ಆಗದ ಕೆಲಸ ಅಲ್ಲ. ಈ ಅಂಚು ಬಡಿದು ಮಡಿಸಿದ್ರೆ ಅವತ್ತೇ ಸರಿಹೋಗ್ತಿತ್ತು. ಅಮ್ಮಾವ್ರೇ ಬೇಡ ಅಂದಿದ್ರು."

"ಯಾವಾಗ?"

"ಇದನ್ನ ಕೇಳೋಕೆ ಇಬ್ರೂ ಬಂದಿದ್ರಲ್ಲ, ನೀವು ಟೀ ಕುಡಿಯೋಕೆ ಹೋದಾಗ. ಎಡಕ್ಕೆ ತಿರುಗಿದ್ರೆ ಮನೆ ಬೇಗ ಬಂದ್ಬಿಡುತ್ತೆ ಕಣಪ್ಪಾ, ಆಗಲ್ಲ ಅಂತ ಹೇಳ್ಬಿಡು ಅಂದ್ರು."

ಮಾವ ಬಾಗಿ ಆ ಅಂಚನ್ನು ಮುಟ್ಟಿ ನೋಡಿದರು. "ಕಳ್ಳಿ!" ಎಂದರು. ನಗಲು ಹೊರಟವರಿಗೆ ಅಳು ಬಂದುಬಿಟ್ಟಿತು. ಕರ್ಚೀಫಿನಲ್ಲಿ ಮುಖ ಒರೆಸಿಕೊಂಡು, "ಬಿಚ್ಚಬೇಡಪ್ಪಾ, ಹಾಗೇ ಇರ್ಲಿ" ಎಂದರು.

ಹೆಬ್ಬಾಳದ ಮೇಲೆ ವಾಪಸ್ಸು ಹೊರಟೆವು. ಮನೆಯ ತಿರುವು ಬಂತು, ಹೋಯಿತು. ಈ ಸಲ ನಾನು ನಗಲಿಲ್ಲ. ಮೈದಾನವೂ ಬಂತು. ಮಾವ ಕಾರು ತಿರುಗಿಸಲೇ ಇಲ್ಲ.

"ಮಾಮ, ಮೈದಾನ ದಾಟ್ತು" ಎಂದೆ.

"ಗೊತ್ತು ಕಣೇ," ಎಂದರು ಮಾವ, ರಸ್ತೆಯಿಂದ ಕಣ್ಣು ತೆಗೆಯದೆ. "ಇನ್ನೂ ಸ್ವಲ್ಪ ದೂರ ಕರ್ಕೊಂಡು ಹೋಗ್ಬೇಕಾಗಿತ್ತು ಅವಳನ್ನ."