ಕಿಟಕಿಯೊಳಗೆ ಬಂದ ಕೈ

ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಮನೆಯಿಂದ ಹೊರಬಿದ್ದರೆ ನನಗೆ ಏನಾದರೊಂದು ಆಗಿಯೇ ತೀರುತ್ತದೆ. ಆದದ್ದು ಏನು ಎಂಬುದು ಮಾತ್ರ ಮನೆಗೆ ಬಂದು ಚಹಾ ಕುಡಿಯುವ ತನಕ ತಿಳಿಯುವುದಿಲ್ಲ. ಕೆಲವು ಸಲ ಕುಡಿದ ಮೇಲೂ ತಿಳಿಯುವುದಿಲ್ಲ.

ನಾನು ಇಂಡಿಯಲ್ಲಿ ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ. ಮಕ್ಕಳ ಮುಂದೆ ತಂಬಿಗೆ, ಹಣ್ಣು ಇಟ್ಟು "ನೋಡಿ ಬರೀರಿ" ಅನ್ನುತ್ತಲೇ ತಲೆ ನರೆತಿದೆ. ಹೀಗಾಗಿ ಸ್ಟಿಲ್ ಲೈಫ್ ಫೋಟೋ, ಅಂದರೆ ಅಲುಗದ ವಸ್ತುಗಳನ್ನು ಚೆಂದಾಗಿ ಜೋಡಿಸಿ ತೆಗೆಯುವ ಫೋಟೋ, ನನಗೆ ಸಲೀಸು ಅಂದುಕೊಂಡಿದ್ದೆ. ಪ್ರಾಣಿ ಪಕ್ಷಿಗಳ ಫೋಟೋದ ಹುಚ್ಚು ಹಿಡಿಸಿದವನು ಮುದ್ದೇಬಿಹಾಳದ ಗೆಳೆಯ. ಅಲ್ಲಿಯ ಕಾಲೇಜಿನಲ್ಲಿ ಲೈಬ್ರರಿಯನ್. ವಾರವಿಡೀ ಹುಡುಗರಿಗೆ "ಶ್, ಸುಮ್ಮಕಿರ್ರಿ" ಅಂದು, ರವಿವಾರ ಅದನ್ನೇ ನನಗೆ ಹೇಳುತ್ತಾನೆ.

ಇದೆಲ್ಲ ಸುಖವಾಗಿಯೇ ಇತ್ತು. ಆದರೆ ಸಿಂದಗಿಯಲ್ಲಿ ನನ್ನ ಹೆಂಡತಿಯ ತಮ್ಮನೊಬ್ಬನಿದ್ದಾನೆ. ಮದುವೆ ಫೋಟೋ ತೆಗೆಯುವುದು ಅವನ ಉದ್ಯೋಗ. ನನ್ನ ಕ್ಯಾಮೆರಾದ ಮೇಲೆ ಅವನಿಗೆ ಮೊದಲಿನಿಂದಲೂ ಕಣ್ಣು. ಬಂದಾಗೊಮ್ಮೆ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು, "ಮಾಮಾ, ನಿಮ್ಮ ಕೈಯಾಗ ಇದು ಸುಮ್ನ ಹಾಳಾಗಾಕತ್ತೈತ್ರಿ" ಅನ್ನುತ್ತಿದ್ದ. ಕೊನೆಗೆ ಹೆಂಡತಿ ನ್ಯಾಯ ತೀರಿಸಿದಳು. "ಬಾಗೇವಾಡ್ಯಾಗ ಹವ್ಯಾಸಿಗಳ ಫೋಟೋ ಪ್ರದರ್ಶನ ಐತಿ ಅಂತೀರಲ್ಲ? ಅಲ್ಲಿ ನಿಮ್ಮ ಒಂದಾದ್ರೂ ಫೋಟೋ ಗ್ವಾಡಿ ಏರಿದ್ರ ಕ್ಯಾಮೆರಾ ನಿಮ್ದು. ಇಲ್ಲಾಂದ್ರ ನನ್ನ ತಮ್ಮಂದು."

ಅವನು ಅಂದೇ ಕ್ಯಾಮೆರಾಕ್ಕೆ ಹೊಸ ಚೀಲ ಕೊಂಡ. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಲಿಂಬೆಹಣ್ಣಿನ ಪೂಜೆ

ಮೊದಲು ಸ್ಟಿಲ್ ಲೈಫ್. ನಮ್ಮೂರಿನಲ್ಲಿ ಲಿಂಬೆಹಣ್ಣಿಗೆ ಏನು ಕಡಿಮೆ? ಒಂದು ರವಿವಾರ ಮುಂಜಾನೆ ಬೀದಿ ಕಡೆಯ ಕಿಟಕಿಯ ಹತ್ತಿರ ಟೇಬಲ್ ಹಾಕಿ, ಬಿಳಿ ಬಟ್ಟೆ ಹಾಸಿ, ತಾಮ್ರದ ತಂಬಿಗೆ ಇಟ್ಟೆ. ಬಣ್ಣಕ್ಕಿರಲಿ ಅಂತ ಅದರ ಬಾಯಿಗೆ ಮಾವಿನ ಎಲೆ ಸಿಕ್ಕಿಸಿದೆ. ಸುತ್ತ ಐದು ಲಿಂಬೆಹಣ್ಣು. ಬಿಸಿಲು ಏರಿದಂತೆ ಬೆಳಕು ಬದಲಾಗುತ್ತದೆ, ಯಾವುದು ಚೆಂದ ಬರುತ್ತದೋ ಗೊತ್ತಿಲ್ಲ. ಅದಕ್ಕೇ ಕ್ಯಾಮೆರಾ ಆಗಾಗ ತಾನೇ ಕ್ಲಿಕ್ ಆಗುವಂತೆ ಮಾಡಿಟ್ಟು, ಹೆಂಡತಿ ಕೊಟ್ಟ ಜೋಳದ ಚೀಲ ಹೊತ್ತು ಗಿರಣಿಗೆ ಹೋದೆ.

ಹಿಟ್ಟು ಹೊತ್ತು ಬಂದರೆ ಮನೆಯ ತುಂಬ ಊದಿನಕಡ್ಡಿ ವಾಸನೆ. ತಂಬಿಗೆಗೆ ಅರಿಷಿಣ, ಕುಂಕುಮ. ಮುಂದೆ ದೀಪ. ಎದುರು ಮನೆಯ ಅಜ್ಜಿ ಕೈ ಮುಗಿದು ನಿಂತಿದ್ದಾಳೆ.

"ಏನ್ರಿ ಮಾಸ್ತರ, ಕಳಸಾ ಇಟ್ಟು ದೀಪಾನ ಹಚ್ಚದ ಹೋಗೂದೇನ್ರಿ? ನಾನ ಹಚ್ಚೀನಿ ಬಿಡ್ರಿ."

"ಅಜ್ಜಿ, ಅದು ಕಳಸಾ ಅಲ್ಲ, ಫೋಟೋಕ್ಕ ಇಟ್ಟಿದ್ದು."

"ಹೌದ್ರಿ, ದೇವ್ರ ಫೋಟೋನೂ ಒಂದ ಇಡ್ರಿ."

ಹಣ್ಣು ಎಣಿಸಿದೆ. ಒಂದು ಕಡಿಮೆ. ಅಜ್ಜಿಯನ್ನು ಕೇಳಿದರೆ, "ದೇವ್ರ ಮುಂದಿಂದು ನಾ ಯಾಕ ಮುಟ್ಟಲಿ?" ಅಂದಳು. ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಡತಿಗೂ ಗೊತ್ತಿಲ್ಲ. ಅಷ್ಟರಲ್ಲಿ ಅವಳ ತಮ್ಮ ಹೊಸ ಮೋಟರ್ ಸೈಕಲ್ ಏರಿ ಬಂದ. ನಮ್ಮ ಓಣಿಯ ಹಣಮಪ್ಪನ ಗುಡಿ ಮುಂದೆ ಪೂಜೆ ಮಾಡಿಸಿ, ಗಾಲಿಯ ಕೆಳಗೆ ಲಿಂಬೆಹಣ್ಣು ಇಟ್ಟು ಹಾಯಿಸಿಕೊಂಡು ಬಂದಿದ್ದ. ಗಾಡಿಯ ಹಾರ ಇನ್ನೂ ಬಾಡಿರಲಿಲ್ಲ. ಆ ಸಂಭ್ರಮದಲ್ಲಿ ನನ್ನ ಹಣ್ಣಿನ ಮಾತು ಅಲ್ಲಿಗೇ ನಿಂತಿತು.

ಕುಂಕುಮ ಒರೆಸಿ ಇನ್ನೊಮ್ಮೆ ಜೋಡಿಸೋಣ ಅಂತ ಕೈ ಹಾಕಿದರೆ ಹೆಂಡತಿ ಬಿಡಲಿಲ್ಲ. "ಪೂಜಿ ಆದ ಮ್ಯಾಲ ನಾಳಿ ತನಕ ಅಲಗ್ಯಾಡಸಬಾರದು." ಅಲುಗದ ವಸ್ತು ಬೇಕು ಅಂದವನಿಗೆ ಅಲುಗಿಸಲಿಕ್ಕೇ ಬಾರದಂಥ ವಸ್ತು ಸಿಕ್ಕಿತು. ನಮ್ಮ ಮನೆಯಲ್ಲಿ ಇರುವುದು ಅದೊಂದೇ ಟೇಬಲ್. ಆ ಹೊತ್ತು ಎಲ್ಲರೂ ನೆಲದ ಮೇಲೆ ಕುಳಿತು ರೊಟ್ಟಿ ತಿಂದೆವು.

ಬಣವೆಯೊಳಗಿನ ಲೈಬ್ರರಿಯನ್

ಆ ಮೇಲೆ ವನ್ಯಜೀವಿ. ಸಿಂದಗಿ ಕಡೆಯ ಹೊಲಗಳಲ್ಲಿ ಚಿಗರಿಗಳು, ಅಂದರೆ ಜಿಂಕೆಗಳು, ಬರುತ್ತವೆ ಅಂತ ಗೆಳೆಯನಿಗೆ ಯಾರೋ ಹೇಳಿದ್ದರು. ಮನುಷ್ಯರ ಸುಳಿವು ಸಿಕ್ಕರೆ ಚಿಗರಿ ನಿಲ್ಲುವುದಿಲ್ಲ, ಅಡಗಿಕೊಳ್ಳಬೇಕು ಅಂದ. ಹೊಲದಲ್ಲಿ ಜೋಳದ ಕಣಿಕೆಯ ಬಣವೆ ಇತ್ತು. ಅವನು ನಾಲ್ಕು ಸೂಡು ಸರಿಸಿ ಒಳಗೆ ಹೊಕ್ಕು, ತನ್ನ ಕ್ಯಾಮೆರಾದ ಮೂತಿ ಅಷ್ಟೇ ಹೊರಗೆ ಬಿಟ್ಟುಕೊಂಡು ಕುಳಿತ. ನಾನು ದೂರದ ಬದುವಿನ ಹಿಂದೆ ಮಲಗಿದೆ.

ಚಿಗರಿ ಬರುವ ಮೊದಲು ಹೊಲದ ಯಜಮಾನ ಚಕ್ಕಡಿ ಹೊಡೆದುಕೊಂಡು ಬಂದ. ಎತ್ತು ಬಿಟ್ಟ. ಎತ್ತುಗಳು ನೆಟ್ಟಗೆ ಬಂದು ನನ್ನ ಗೆಳೆಯ ಅಡಗಿದ್ದ ಕಡೆಯೇ ಮೇಯತೊಡಗಿದವು. ಅವನ ಮೊಳಕಾಲು ಕಂಡಿತು, ಹೊಟ್ಟೆ ಕಂಡಿತು. ಕೂಗಬೇಕೆಂದರೆ ಅವನೇ ಸದ್ದು ಮಾಡಬೇಡ ಅಂದಿದ್ದಾನೆ. ಅಷ್ಟರಲ್ಲಿ ಯಜಮಾನ ಚಕ್ಕಡಿಗೆ ಹೇರಲು ಒಂದು ಸೂಡು ಎಳೆದ. ಕೈಗೆ ಬಂದದ್ದು ಕಾಲು.

"ಯಾರಾಂವ? ನನ್ನ ಬಣವ್ಯಾಗ ಏನ್ ಮಾಡಾಕತ್ತಿ?"

ಒಳಗಿನಿಂದ ಉತ್ತರ ಬಂತು: "ಶ್, ಸುಮ್ಮಕಿರ್ರಿ."

ಮುಂದಿನದನ್ನು ಹೇಳುವುದು ಕಷ್ಟ. ಯಜಮಾನ ಕಾಲು ಬಿಡಲಿಲ್ಲ, ಇವನು ಕ್ಯಾಮೆರಾ ಬಿಡಲಿಲ್ಲ, ಎತ್ತುಗಳು ಕಣಿಕೆ ಬಿಡಲಿಲ್ಲ. ನಾನು ಓಡಿ ಹೋಗಿ ಬಿಡಿಸಿದೆ. ಮೈತುಂಬ ಜೋಳದ ಒಣ ರವದಿ ಅಂಟಿಸಿಕೊಂಡು ಹೊರಬಂದ ಗೆಳೆಯ ಮೊದಲು ಕೇಳಿದ್ದು, "ಚಿಗರಿ ಬಂದ್ವೇನೋ?"

"ಬಂದಿದ್ವು. ಸಾಲಾಗಿ ನಿಂತು ನಿನ್ನ ನೋಡಿ ಹೋದ್ವು."

ಮುದ್ದೇಬಿಹಾಳದ ಹಕ್ಕಿ

ಅಡಗಿ ಕೂಡುವುದು ಬೇಡ, ಎಲ್ಲರಿಗೂ ಕಾಣುವಂತೆ ರಾಜಾರೋಷವಾಗಿ ತೆಗೆಯೋಣ ಅಂತ ಮುಂದಿನ ವಾರ ಮುದ್ದೇಬಿಹಾಳದ ಹತ್ತಿರ ಹೊಲವೊಂದರ ದಂಡೆಗೆ ಮೂರು ಕಾಲಿನ ಸ್ಟ್ಯಾಂಡ್ ಹೂಡಿದೆವು. ಗೆಳೆಯ ದೂರ ಹೋಗಿ ಗೌಜಲಕ್ಕಿ ಎಲ್ಲಿದೆ ಅಂತ ಕೈ ಮಾಡಿ ತೋರಿಸುತ್ತಿದ್ದ. ನಾನು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದೆ. ತಲೆ ಎತ್ತಿದರೆ ಅರ್ಧ ಊರು ಸುತ್ತ ನಿಂತಿದೆ. ಯಾರೋ ಕುರ್ಚಿ ತಂದಿದ್ದಾರೆ, ಯಾರೋ ಚಹಾ ತಂದಿದ್ದಾರೆ.

"ಸಾಹೇಬ್ರ, ಕಾಲುವಿ ಯಾ ಕಡಿ ಹಾಯ್ತೈತ್ರಿ?"

"ಕಾಲುವಿ ಅಲ್ರಿ, ನಾವು ಹಕ್ಕಿ ಫೋಟೋ ತಗ್ಯಾಕ ಬಂದೇವಿ."

"ಹೂಂ ಹೂಂ. ಹೋದ ಸಲ ಸರ್ವೇಕ್ಕ ಬಂದವ್ರೂ ಏನೂ ಬಾಯಿ ಬಿಡಲಿಲ್ಲ" ಅಂತ ಒಬ್ಬ ಉಳಿದವರಿಗೆ ತಿಳಿಸಿ ಹೇಳಿದ.

ಎಡಗಡೆಯವರಿಗೆ ಕಾಲುವೆ ತಮ್ಮ ಹೊಲದ ಮಗ್ಗುಲಿಗೇ ಬರಬೇಕು. ಬಲಗಡೆಯವರಿಗೆ ತಮ್ಮ ಬಾವಿ ತಪ್ಪಿಸಿ ಹೋಗಬೇಕು. ನನ್ನ ಸ್ಟ್ಯಾಂಡನ್ನು ಅವರೊಮ್ಮೆ ಈ ಕಡೆ, ಇವರೊಮ್ಮೆ ಆ ಕಡೆ ಎತ್ತಿಟ್ಟರು. ಆ ಗದ್ದಲದಲ್ಲೇ ಹೇಗೋ ಒಂದು ಫೋಟೋ ತೆಗೆದೆ. ಉತ್ತ ಮಣ್ಣಿನ ಹೆಂಟೆಗಳ ನಡುವೆ ಮಣ್ಣಿನದೇ ಬಣ್ಣದ ಗೌಜಲಕ್ಕಿ ಕುಳಿತಿದ್ದು ಖರೆ. ಮನೆಯಲ್ಲಿ ಹೆಂಡತಿ "ಎಲ್ಲೈತ್ರಿ ಹಕ್ಕಿ?" ಅಂದಾಗ ಒಂದು ಹೆಂಟೆ ತೋರಿಸಿದೆ. ಮರುದಿನ ಅವಳು ಮತ್ತೆ ಕೇಳಿದಾಗ ನಾನು ತೋರಿಸಿದ್ದು ಬೇರೆ ಹೆಂಟೆ ಅಂತೆ.

ಅವತ್ತು ಆ ಹೊಲದಿಂದ ಹೊರಟು ಗಾಡಿ ಹತ್ತುವಾಗ ಒಬ್ಬ ಹಿರಿಯರು ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಸಾಹೇಬ್ರ, ಹಕ್ಕಿನ ಇರಲಿ. ಮಂಜೂರಾದ್ರ ನಮ್ಮ ಹೊಲದಾಗಿಂದನ ಹಾಯಸ್ರಿ."

ಬಾಗೇವಾಡಿಯ ಗೋಡೆ

ಪ್ರದರ್ಶನಕ್ಕೆ ಫೋಟೋ ಕಳಿಸುವ ದಿನ ಬಂತು. ಲಿಂಬೆಹಣ್ಣಿನ ಫೋಟೋಗಳನ್ನು ಒಂದೊಂದಾಗಿ ನೋಡುತ್ತ ಕುಳಿತೆ. ಒಂದರಲ್ಲಿ ಕಿಟಕಿಯ ಸಲಾಕೆಗಳ ನಡುವಿನಿಂದ ಕೂದಲು ತುಂಬಿದ ಕೈಯೊಂದು ಒಳಗೆ ಬಂದು ಹಣ್ಣು ಹಿಡಿದಿದೆ! ಹಿಂದೆ ಬೆಳಕು ಇದ್ದದ್ದರಿಂದ ಕೈ ಕಪ್ಪಗೆ ಕಾಣುತ್ತಿತ್ತು. ನಮ್ಮ ಓಣಿಯಲ್ಲಿ ಮಂಗ್ಯಾಗಳ ಕಾಟ ಇದ್ದದ್ದೇ. ಕಳ್ಳ ಸಿಕ್ಕ ಅಂತ ಖುಷಿಪಟ್ಟು, ಅದನ್ನು ಸ್ಟಿಲ್ ಲೈಫ್ ವಿಭಾಗಕ್ಕೆ, ಹೆಂಟೆಗಳನ್ನು ವನ್ಯಜೀವಿ ವಿಭಾಗಕ್ಕೆ ಕಳಿಸಿದೆ.

ಬಸವನ ಬಾಗೇವಾಡಿಗೆ ನಾನು, ಹೆಂಡತಿ, ಅವಳ ತಮ್ಮ ಮೂವರೂ ಹೋದೆವು. ಅವನ ಹೆಗಲಿಗೆ ಆ ಹೊಸ ಖಾಲಿ ಚೀಲ. ಸ್ಟಿಲ್ ಲೈಫ್ ಗೋಡೆಯಲ್ಲಿ ನನ್ನದು ಇರಲಿಲ್ಲ. ಅವನು ನನ್ನ ಕೊರಳಿನಲ್ಲಿದ್ದ ಕ್ಯಾಮೆರಾದ ಪಟ್ಟಿಯನ್ನು ಪ್ರೀತಿಯಿಂದ ಮುಟ್ಟಿ ನೋಡಿದ. ಆಗ ಹೆಂಡತಿ ಆಚೆ ಗೋಡೆಯಿಂದ ಕರೆದಳು. ಕೈ ಬಂದ ಫೋಟೋವನ್ನು ವನ್ಯಜೀವಿ ವಿಭಾಗದಲ್ಲಿ ನಟ್ಟನಡುವೆ ತೂಗುಹಾಕಿದ್ದರು! ಕೆಳಗೆ 'ಹಸಿದ ಮಂಗ' ಅಂತ ಹೆಸರನ್ನೂ ಪ್ರದರ್ಶನದವರೇ ಬರೆದಿದ್ದರು. ಹೆಂಟೆಗಳು ಮಾತ್ರ ಯಾವ ಗೋಡೆಯ ಮೇಲೂ ಇರಲಿಲ್ಲ.

ತೀರ್ಪುಗಾರರು ಪಕ್ಕದಲ್ಲೇ ನಿಂತು ಜನರಿಗೆ ವಿವರಿಸುತ್ತಿದ್ದರು: "ಆ ಬೆರಳು ನೋಡ್ರಿ. ಎಷ್ಟು ಆಸೆ! ಸಾಕಿದ ಪ್ರಾಣಿಗೆ ಇದು ಬರೂದಿಲ್ಲ. ಅಪ್ಪಟ ಕಾಡಿಂದು."

ಮೈದುನನ ಮುಖ ಸಣ್ಣದಾಯಿತು. ಏನಾದರೂ ಕೊಂಕು ತೆಗೆಯಬೇಕಲ್ಲ, ಹತ್ತಿರ ಹೋಗಿ ನೋಡಿದ. "ಮಾಮಾ, ಎಂಥಾ ಹೊಲಸು ಕೈ ರೀ ಈ ಮಂಗ್ಯಾಂದು! ಕಿರುಬೆರಳು ಬ್ಯಾರೆ ಸೊಟ್ಟ ಐತಿ."

ಹೆಂಡತಿ ಫೋಟೋದ ಕಿರುಬೆರಳು ನೋಡಿದಳು. ಆ ಮೇಲೆ ತಮ್ಮನ ಕೈ ನೋಡಿದಳು. ಚಿಕ್ಕಂದಿನಲ್ಲಿ ಬೇವಿನ ಮರದಿಂದ ಬಿದ್ದು ಸೊಟ್ಟಾದ ಕಿರುಬೆರಳು ಅವನದು.

"ತಮ್ಮಾ, ಅವತ್ತ ಗಾಡಿ ಗಾಲಿಗೆ ಇಟ್ಟ ಲಿಂಬಿಹಣ್ಣು ಎಲ್ಲಿಂದ ತಂದಿದ್ದಿ?"

ಅವನು ಫೋಟೋ ನೋಡಿದ, ತನ್ನ ಕೈ ನೋಡಿದ, ಮೆಲ್ಲಗೆ ಅದನ್ನು ಕಿಸೆಯೊಳಗೆ ಇಳಿಸಿದ. "ಕಿಡಕ್ಯಾಗ ಇತ್ತಕ್ಕಾ. ಒಂದ ಹಣ್ಣಿಗೆ ಏನ್ ಕೇಳೂದು ಅಂತ..."

"ಹೋಗು, ಅವ್ರಿಗೆ ಹೇಳು, ಆ ಮಂಗ್ಯಾ ನಾನ ಅಂತ. ಫೋಟೋ ಇಳಸ್ತಾರ. ಕ್ಯಾಮೆರಾ ನಿನಗ ಬರ್ತೈತಿ."

ಅವನು ನಿಜವಾಗಿಯೂ ವಿಚಾರ ಮಾಡಿದ. ಕ್ಯಾಮೆರಾ ನೋಡಿದ. ಸುತ್ತಲಿನ ಜನರನ್ನು ನೋಡಿದ. ಅದರಲ್ಲಿ ಅವನ ಮದುವೆ ಗಿರಾಕಿಗಳೂ ಇದ್ದರು. ನಾನು ಕ್ಯಾಮೆರಾದ ಪಟ್ಟಿಯನ್ನು ಕೈಗೆ ಸುತ್ತಿಕೊಂಡೆ. ಕೊನೆಗೆ ಅವನು ಖಾಲಿ ಚೀಲವನ್ನು ಎಡಗೈಯಿಂದಲೇ ಮಡಚಿ ಬಗಲಲ್ಲಿ ಇಟ್ಟುಕೊಂಡು, "ಮಾಮಾ, ಮಂಗ್ಯಾ ಭಾಳ ಛಲೋ ಬಂದೈತ್ರಿ" ಅಂದ.

ಅಷ್ಟರಲ್ಲಿ ತೀರ್ಪುಗಾರರು ನನ್ನನ್ನು ಗುರುತಿಸಿ ಬಂದು ಕೈ ಕುಲುಕಿದರು. ಮೈದುನನ ಕಡೆಗೂ ಕೈ ಚಾಚಿದರು. ಅವನು ಬಲಗೈಯನ್ನು ಕಿಸೆಯಿಂದ ತೆಗೆಯಲೇ ಇಲ್ಲ.

"ಇವ್ರು ಯಾರ್ರಿ?" ಅಂತ ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಹೇಳಿದಳು: "ನನ್ನ ತಮ್ಮ ರೀ. ಈ ಫೋಟೋ ಇಷ್ಟು ಚಂದ ಬರಾಕ ಇವಂದೂ ಕೈ ಐತ್ರಿ."