ಬೈರಾಸು ಹಾಕಿದ ಸೀಟು

ಸಮಯಕ್ಕೆ ಸರಿಯಾಗಿ ಹೋಗುವುದು ಒಳ್ಳೆಯ ಗುಣವೆಂದು ಶಾಲೆಯ ಗೋಡೆಗಳ ಮೇಲೆ ಬರೆದಿರುತ್ತಾರೆ. ಸಮಯಕ್ಕಿಂತ ಬಹಳ ಮೊದಲೇ ಹೋಗಿ ಕೂರುವುದು ಎಂತಹ ಗುಣವೆಂದು ಮಾತ್ರ ಯಾರೂ ಬರೆದಂತಿಲ್ಲ. ಬರೆದಿದ್ದರೆ ನನ್ನ ಹೆಂಡತಿ ವಾರಿಜ ಅದಕ್ಕೆ ಚೌಕಟ್ಟು ಹಾಕಿಸಿ ನಮ್ಮ ಚಾವಡಿಯಲ್ಲಿ ತೂಗುಹಾಕುತ್ತಿದ್ದಳು. ನಾನು ಮದುವೆಗೆ ಹೋದರೆ ಮಂಟಪದವರು ಇನ್ನೂ ನೆಲ ಒರೆಸುತ್ತಿರುತ್ತಾರೆ. ಕಾರ್ಕಳದಲ್ಲಿ ಅವಳ ಚಿಕ್ಕಮ್ಮನ ಮಗನ ಮದುವೆಯ ದಿನ ನಾನು ತಲುಪಿದಾಗ ಕುರ್ಚಿಗಳೇ ಬಂದಿರಲಿಲ್ಲ. ಆಮೇಲೆ ಬಂದ ಟೆಂಪೊದವರು ನನ್ನನ್ನು ಮಂಟಪದ ಕೆಲಸದವನೆಂದು ತಿಳಿದು ಕುರ್ಚಿಗಳ ಅಟ್ಟಿಯನ್ನು ಕೈಗೆ ಕೊಟ್ಟರು. ಬೇಡವೆನ್ನಲು ಸಂಕೋಚವಾಗಿ ಎಲ್ಲವನ್ನೂ ಸಾಲಾಗಿ ಜೋಡಿಸಿದೆ. ಮದುಮಗ ಬರುವ ಹೊತ್ತಿಗೆ ನನ್ನ ಅಂಗಿ ಹಿಂಡಿದರೆ ನೀರು ಬರುವಂತಿತ್ತು. "ಇನ್ನೊಂದು ಸಲ ಹಿಂದಿನ ದಿನವೇ ಹೋಗಿ. ತರಕಾರಿ ಹೆಚ್ಚಲಿಕ್ಕೂ ಜನ ಬೇಕಾಗ್ತದೆ" ಎಂದಳು ವಾರಿಜ. ಅವಳಿಗೆ ಹೇಗೆ ಹೇಳುವುದು? ಬಸ್ಸು ತಪ್ಪಬಹುದು, ಬಸ್ಸು ಸಿಕ್ಕಿದರೆ ಟಯರು ಒಡೆಯಬಹುದು, ಟಯರು ಒಡೆಯದಿದ್ದರೆ ಕಟಪಾಡಿ ಜಂಕ್ಷನ್ನಿನಲ್ಲಿ ಯಾವುದೋ ಮೆರವಣಿಗೆ ಅಡ್ಡ ಬರಬಹುದು. ಇಷ್ಟನ್ನೂ ಮೊದಲೇ ಯೋಚಿಸಿ ಹೊರಡುವವನಿಗೆ ಜಗತ್ತು ಯಾವತ್ತೂ ಸಿದ್ಧವಾಗಿರುವುದಿಲ್ಲ.

ಇಂಥ ನಾನು ಐವತ್ತು ದಾಟಿದ ಮೇಲೆ ವಿದ್ಯಾರ್ಥಿಯಾದೆ. ಕಾಪುವಿನ ಸಹಕಾರಿ ಸಂಘವೊಂದರಲ್ಲಿ ಗುಮಾಸ್ತನಾಗಿದ್ದವನು ಸ್ವಯಂ ನಿವೃತ್ತಿ ತೆಗೆದುಕೊಂಡು ಮನೆಯಲ್ಲಿ ಕೂತೆ. ಬೆಳಗ್ಗೆ ವಾರಿಜ ಬಂಗುಡೆ ಮೀನು ಕೊಯ್ಯುವಾಗ ಪಕ್ಕದಲ್ಲಿ ನಿಂತು, ಕತ್ತಿ ಜಾರಿದರೆ ಎಂದು ಎಚ್ಚರಿಸುತ್ತಿದ್ದೆ. ಗ್ಯಾಸು ಬಂದ್ ಮಾಡಿದ್ದಾಳೆಯೇ ಎಂದು ಅವಳ ಹಿಂದೆಯೇ ಹೋಗಿ ನೋಡುತ್ತಿದ್ದೆ. ಕೊನೆಗೊಮ್ಮೆ ಅವಳು ಕತ್ತಿಯನ್ನು ಕೆಳಗಿಟ್ಟು, "ನಿಮಗೆ ಮೊದಲಿಂದ ಇತಿಹಾಸ ಓದ್ಬೇಕು ಅಂತ ಆಸೆ ಇತ್ತಲ್ಲ? ಹೋಗಿ ಓದಿ. ನನಗೂ ಒಂದಿಷ್ಟು ವರ್ತಮಾನ ಸಿಗ್ಲಿ" ಎಂದಳು. ಹಾಗೆ ಮಣಿಪಾಲದಲ್ಲಿ ಎಂ.ಎ. ತರಗತಿಗೆ ಸೇರಿದೆ.

ಕಾಪುವಿನಿಂದ ಉಡುಪಿಗೆ ಒಂದು ಬಸ್ಸು, ಉಡುಪಿಯಿಂದ ಮಣಿಪಾಲಕ್ಕೆ ಇನ್ನೊಂದು. ನಮ್ಮ ಕಡೆಯ ಬಸ್ಸುಗಳಲ್ಲಿ ಸೀಟು ಹಿಡಿಯುವ ಕ್ರಮ ನಿಮಗೆ ಗೊತ್ತೇ ಇದೆ. ಬಸ್ಸು ನಿಲ್ದಾಣದೊಳಗೆ ತಿರುಗುತ್ತಿದ್ದಂತೆ ಕಿಟಕಿಯಿಂದ ಕರವಸ್ತ್ರವನ್ನೋ ಹೆಗಲ ಮೇಲಿನ ಟವೆಲು, ಅಂದರೆ ನಮ್ಮ ಬೈರಾಸನ್ನೋ ಒಳಗೆ ಎಸೆಯಬೇಕು. ಅದು ಬಿದ್ದ ಸೀಟು ನಮ್ಮದು. ಆಮೇಲೆ ನಿಧಾನವಾಗಿ ಚಾ ಕುಡಿದು ಬಾಯಿ ಒರೆಸಿಕೊಂಡು ಹತ್ತಿದರೂ ಸೀಟು ಖಾಲಿಯೇ ಇರುತ್ತದೆ. ಗದ್ದೆಯ ಅಂಚಿನ ವಿಷಯಕ್ಕೆ ಮೂರು ತಲೆಮಾರಿನಿಂದ ಮಾತು ಬಿಟ್ಟಿರುವವರು ಕೂಡ ಒಬ್ಬರ ಬೈರಾಸನ್ನು ಇನ್ನೊಬ್ಬರು ಸರಿಸುವುದಿಲ್ಲ. ತೂಕಡಿಸುವ ಕೂಸನ್ನು ಹೆಗಲಿಗೆ ಹಾಕಿಕೊಂಡು ನಿಂತವರೂ ಆ ಸೀಟನ್ನು ನೋಡಿ, "ಅದಕ್ಕೆ ಜನ ಉಂಟು" ಎಂದು ನಿಟ್ಟುಸಿರು ಬಿಡುತ್ತಾರೆ. ಬೈರಾಸಿಗೆ ಇಷ್ಟು ಮರ್ಯಾದೆ ಕೊಡುವ ಜನ ಲೋಕದಲ್ಲಿ ಬೇರೆ ಇರಲಾರರು.

ಇರಲಾರರು ಎನ್ನುವುದು ತರಗತಿಯ ಮೊದಲ ದಿನವೇ ಮನವರಿಕೆಯಾಯಿತು. ನಾನು ತಲುಪಿದಾಗ ವಾಚ್‌ಮನ್ ಪಾಠದ ಕೋಣೆಯ ಬೀಗ ತೆಗೆಯುತ್ತಿದ್ದ. ನನ್ನ ನರೆಗೂದಲು ನೋಡಿ, "ನಮಸ್ಕಾರ ಸರ್, ಹೊಸದಾ? ಯಾವ ಸಬ್ಜೆಕ್ಟು?" ಎಂದು ಕೇಳಿದ. ವಿದ್ಯಾರ್ಥಿ ಎಂದೆ. ನಮಸ್ಕಾರ ವಾಪಸು ತೆಗೆದುಕೊಳ್ಳಲಾಗದೆ ಬೀಗದ ಕಡೆಗೆ ತಿರುಗಿದ. ಒಳಗೆ ಅಷ್ಟೂ ಕುರ್ಚಿಗಳು ನನ್ನೊಬ್ಬನಿಗೆ. ಎಲ್ಲಿ ಕೂರುವುದು? ಎದುರಿನ ಸಾಲಿನಲ್ಲಿ ಕೂತರೆ ಪ್ರಶ್ನೆ ಕೇಳುತ್ತಾರೆ. ಹಿಂದೆ ಕೂತರೆ ನನ್ನ ಎಡಗಿವಿಗೆ ಕೇಳುವುದಿಲ್ಲ. ಕಿಟಕಿಯ ಬಳಿ ಬಿಸಿಲು. ನಡುವೆ ಕೂತರೆ, ಪಾಠದ ಮಧ್ಯೆ ಹೊಟ್ಟೆ ಕೆಟ್ಟರೆ ಹೊರಗೆ ಹೋಗುವುದು ಹೇಗೆ? ಹೊಟ್ಟೆ ಸರಿಯಾಗಿಯೇ ಇತ್ತು, ಆದರೆ ಅದನ್ನು ನಂಬಲಾಗದು. ಕೊನೆಗೆ ಬಾಗಿಲಿಗೂ ಕಂಬಕ್ಕೂ ನಡುವೆ ಒಂಟಿಯಾಗಿದ್ದ ಕುರ್ಚಿಯನ್ನು ಆರಿಸಿದೆ. ನೇರ ಮೇಲೆ ಫ್ಯಾನು, ಸರ್ ನಿಲ್ಲುವಲ್ಲಿಂದ ಅರ್ಧ ಮರೆ, ಒಂದು ಕಾಲು ಹೊರಗೆ. ಕರವಸ್ತ್ರ ಹಾಸಿ ನಿಶ್ಚಿಂತೆಯಿಂದ ಚಾ ಕುಡಿಯಲು ಹೋದೆ. ಬರುವಾಗ ಅಲ್ಲಿ ಯಾವುದೋ ದೂರದ ಊರಿನ ಹುಡುಗನೊಬ್ಬ ಕೂತಿದ್ದ. ನನ್ನ ಕರವಸ್ತ್ರವನ್ನು ಎರಡು ಬೆರಳಲ್ಲಿ ಎತ್ತಿ, ಯಾರೋ ಬಿಟ್ಟುಹೋದದ್ದೆಂದು ಕಿಟಕಿಯ ಸರಳಿಗೆ ಸಿಕ್ಕಿಸಿದ್ದ. ಎಲ್ಲರಿಗಿಂತ ಮೊದಲು ಬಂದವನು ಎಲ್ಲರಿಗಿಂತ ಕೊನೆಗೆ, ಯಾರಿಗೂ ಬೇಡವಾದ ಎದುರಿನ ಸಾಲಿನಲ್ಲಿ ಕೂತೆ. ಮರುದಿನದಿಂದ ಚಾ ಬಿಟ್ಟೆ. ಹೋದವನೇ ಆ ಒಂಟಿ ಕುರ್ಚಿಯಲ್ಲಿ ಕೂತು, ಪಾಠ ಮುಗಿಯುವವರೆಗೆ ಏಳುತ್ತಿರಲಿಲ್ಲ. ಕೆಲವು ವಾರಗಳಲ್ಲಿ ಅದು 'ಅಂಕಲ್ ಕುರ್ಚಿ' ಎಂದು ತರಗತಿಯಲ್ಲಿ ಸ್ಥಿರವಾಯಿತು.

ನಮಗೆ ಬೆಳಗ್ಗಿನ ಮೊದಲ ಪಾಠ ಉಪಾಧ್ಯ ಸರ್ ಅವರದ್ದು. ಒಳ್ಳೆಯ ಮನುಷ್ಯ, ಆದರೆ ಒಂಬತ್ತಕ್ಕೆ ಬಾಗಿಲು ಹಾಕಿದರೆಂದರೆ ಮುಗಿಯಿತು. ಹೊರಗೆ ಉಳಿದವರಿಗೆ ಹಾಜರಿ ಇಲ್ಲ. ಹೀಗೆ ಹೊರಗೆ ಉಳಿಯುವವಳು ಹೆಚ್ಚಾಗಿ ಒಬ್ಬಳೇ, ಅಜೆಕಾರಿನ ದೀಕ್ಷಾ. ಅವಳು ಅಲ್ಲಿಂದ ಕಾರ್ಕಳಕ್ಕೆ ಬಂದು, ಬಸ್ಸು ಬದಲಿಸಿ, ಹಿರಿಯಡ್ಕ ದಾರಿಯಾಗಿ ಮಣಿಪಾಲಕ್ಕೆ ಬರಬೇಕು. ಒಂದು ದಿನ ಪಾಠ ಮುಗಿದು ಹೊರಬರುವಾಗ ಅವಳು ವರಾಂಡದ ಮೆಟ್ಟಿಲಲ್ಲಿ ಕೂತು ಮುಖ ಒರೆಸಿಕೊಳ್ಳುತ್ತಿದ್ದಳು.

"ಇದರ ಮುಂಚಿನ ಬಸ್ಸು ಇಲ್ವಾ ಮಗಾ?" ಎಂದು, ಸಮಯಪಾಲನೆಯಲ್ಲಿ ಪರಿಣತನಾದ ನಾನು ಕೇಳಿದೆ.

"ಉಂಟು ಅಂಕಲ್. ಅದು ಹಿಂದಿನ ದಿನ ಸಂಜೆ ಬರ್ತದೆ."

ಹೀಗೇ ಆದರೆ ಹಾಜರಿ ಸಾಲದೆ ಪರೀಕ್ಷೆಗೆ ಕೂರಲು ಬಿಡುವುದಿಲ್ಲವೆಂದು ಆಫೀಸಿನವರು ಹೇಳಿದ್ದರಂತೆ. ಪರೀಕ್ಷೆ ಒಮ್ಮೆ ತಪ್ಪಿದರೆ ಮನೆಯಲ್ಲಿ ಓದಿದ್ದು ಸಾಕೆನ್ನುತ್ತಾರೆ. "ಅಪ್ಪ ಅದನ್ನೇ ಕಾಯ್ತಾ ಇದ್ದಾರೆ" ಎಂದಳು. ಆ ರಾತ್ರಿಯಿಂದ ಅವಳ ಬಸ್ಸಿನ ಟಯರಿನ ಚಿಂತೆಯೂ ನನಗೇ ಬಂತು.

ಮರುದಿನ ಬೆಳಗ್ಗೆ ನಾನು ಒಂದು ಬೈರಾಸನ್ನು ಒಯ್ದು ನಡುವಿನ ಸಾಲಿನ ಖಾಲಿ ಕುರ್ಚಿಯ ಮೇಲೆ ಅಗಲವಾಗಿ ಹಾಸಿದೆ. ಯಾರೋ ದಾರಿಯಲ್ಲಿದ್ದಾರೆ ಎಂದರೆ ನಮ್ಮ ಕೈ ತಾನಾಗಿ ಬೈರಾಸಿಗೆ ಹೋಗುತ್ತದೆ. ಉಪಾಧ್ಯ ಸರ್ ಬಂದು ಬಾಗಿಲಿಗೆ ಕೈಯಿಟ್ಟವರು ನಿಂತರು.

"ಎಂತ ಅದು?"

"ಸೀಟು ಹಿಡಿದದ್ದು ಸರ್. ಅಜೆಕಾರಿನವಳಿಗೆ. ಬರ್ತಾ ಇದ್ದಾಳೆ."

ತರಗತಿ ಗೊಳ್ಳೆಂದಿತು. ಸರ್ ನಗಲಿಲ್ಲ. ಬೈರಾಸಿನ ಕಡೆ ಕೈ ತೋರಿಸಿ, "ಬೈರಾಸು ಹಾಕಿದ ಮೇಲೆ ಜನ ಇಲ್ಲ ಅಂತ ಹೇಳ್ಲಿಕ್ಕೆ ಆಗ್ತದಾ ಮಾರಾಯ್ರೆ? ನಾನೂ ಬಸ್ಸಲ್ಲೇ ಓದಿದವ" ಎಂದು ಬಾಗಿಲನ್ನು ಹಾಗೇ ಬಿಟ್ಟರು. ಬೋರ್ಡಿನಲ್ಲಿ ಪಾಠದ ಹೆಸರು ಬರೆದು ಮುಗಿಯುವವರೆಗೆ ಬಾಗಿಲು ತೆರೆದಿರುತ್ತದೆ ಎಂದು ಹೊಸ ಕಾನೂನಾಯಿತು. ದೀಕ್ಷಾ ಏದುಸಿರು ಬಿಡುತ್ತಾ ಒಳಗೆ ಬಂದಳು. ಆಮೇಲಿನ ದಿನಗಳಲ್ಲಿ ಸರ್ ಅವರ ಅಕ್ಷರ ಬಹಳ ದುಂಡಗಾಯಿತು. ಪಾಠಗಳ ಹೆಸರು ಉದ್ದವಾಯಿತು. ಹಿರಿಯಡ್ಕದಲ್ಲಿ ಬಸ್ಸು ತಡವಾದ ದಿನ ಹೆಸರಿನ ಕೆಳಗೆ ಎರಡು ಗೆರೆ ಬೇರೆ.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಇಲ್ಲವೆನ್ನಲು ನನಗೆ ಬರುವುದಿಲ್ಲವೆಂದು ಮಕ್ಕಳು ಕಂಡುಹಿಡಿದರು. ಕೂಗಿದರೆ ಕೇಳುವಷ್ಟು ಹತ್ತಿರದ ಹಾಸ್ಟೆಲಿನಲ್ಲಿರುವವರು ಬಂದು, "ಅಂಕಲ್, ನಾಳೆ ನನಗೂ ಒಂದು ಹಾಕಿ, ಪ್ಲೀಸ್" ಎಂದರು. ಒಬ್ಬ ಕರವಸ್ತ್ರ ಕೊಟ್ಟ, ಒಬ್ಬಳು ದುಪಟ್ಟಾ ಕೊಟ್ಟಳು, ಇನ್ನೊಬ್ಬ ಒಗೆದದ್ದೆಂದು ಆಣೆ ಹಾಕಿ ಒಂದು ಕಾಲುಚೀಲ ಕೊಟ್ಟ. ನನ್ನ ಚೀಲದಲ್ಲಿ ಪುಸ್ತಕಕ್ಕೆ ಜಾಗವಿಲ್ಲದಾಯಿತು. ವಾರಿಜ ಒಮ್ಮೆ ಅದನ್ನು ತೆರೆದು ನೋಡಿ, "ಇತಿಹಾಸ ಅಂತ ಹೇಳಿ ಲಾಂಡ್ರಿಗೆ ಸೇರಿದ್ದೀರಾ ಎಂತ?" ಎಂದು ಕೇಳಿದಳು.

ಒಂದು ಸೋಮವಾರ ಉಪಾಧ್ಯ ಸರ್ ಒಳಗೆ ಬಂದರು. ಕೋಣೆಯ ತುಂಬ ಬಟ್ಟೆ. ಜನ ಅಂತ ಇದ್ದವನು ನಾನೊಬ್ಬನೇ.

"ಎಂತ ಮಾರಾಯ್ರೆ, ಒಣಗ್ಲಿಕ್ಕೆ ಹಾಕಿದ್ದಾ?"

"ಅಲ್ಲ ಸರ್, ಎಲ್ಲ ಬರ್ತಾರೆ."

"ನೀವೇನು ಇವರ ಕಂಡಕ್ಟರಾ?"

ಒದ್ದೆ ತಲೆಯ ಹಾಸ್ಟೆಲಿನವರು ಒಬ್ಬೊಬ್ಬರಾಗಿ ಬಂದರು, ಕೊನೆಗೆ ದೀಕ್ಷಾ. ಎಲ್ಲರೂ ಕೂತ ಮೇಲೆ ಸರ್ ಸೀಮೆಸುಣ್ಣ ಕೆಳಗಿಟ್ಟು ಹೇಳಿದರು: "ನಾಳೆಯಿಂದ ಒಂದು ನೂಲು ಕೂಡ ಕುರ್ಚಿಯ ಮೇಲೆ ಕಾಣಬಾರದು. ಒಂಬತ್ತಕ್ಕೆ ಬಾಗಿಲು ಬಂದ್. ಯಾರಿಗೂ ರಿಯಾಯಿತಿ ಇಲ್ಲ." ಹಾಸ್ಟೆಲಿನವರು ಪರಸ್ಪರ ನೋಡಿ ನಕ್ಕರು. ದೀಕ್ಷಾ ಬೈರಾಸನ್ನು ಮಡಚುತ್ತಿದ್ದಳು. ಮಡಚಿದ್ದನ್ನೇ ಬಿಡಿಸಿ ಮತ್ತೆ ಮಡಚಿದಳು.

ಸಂಘದ ಮಹಾಸಭೆಗಳಲ್ಲಿ ನಾನು ಒಮ್ಮೆಯೂ ಎದ್ದು ಮಾತಾಡಿದವನಲ್ಲ. ಆದರೆ ಈಗ ಎದ್ದು ನಿಂತಿದ್ದೆ. "ಸರ್, ಹತ್ತಿರದವರದ್ದು ಬಂದ್ ಮಾಡಿ. ಅಜೆಕಾರಿನದ್ದು ಒಂದು ಬಿಡಿ ಸರ್. ಬಸ್ಸು ಅವಳ ಕೈಯಲ್ಲಿಲ್ಲ."

"ಅದು ನನಗೂ ಗೊತ್ತುಂಟು. ಆದ್ರೆ ಅವಳು ನಾಲ್ಕು ಜನರ ಕಾಲು ದಾಟಿ ನಡುವಿಗೆ ಹೋಗುವಾಗ ಪಾಠ ತುಂಡಾಗ್ತದೆ. ಸದ್ದಿಲ್ಲದೆ ಬಂದು ಕೂರ್ಲಿಕ್ಕೆ ಬಾಗಿಲ ಹತ್ರ ಜಾಗ ಎಲ್ಲಿ ಉಂಟು?"

ಇಡೀ ತರಗತಿ ತಿರುಗಿ ನನ್ನನ್ನು ನೋಡಿತು. ನನ್ನನ್ನಲ್ಲ, ನನ್ನ ಕುರ್ಚಿಯನ್ನು. ಮೇಲೆ ಫ್ಯಾನು ತಂಪಾಗಿ ತಿರುಗುತ್ತಿತ್ತು. ಹೊಟ್ಟೆಯ ಬಗ್ಗೆ, ಎಡಗಿವಿಯ ಬಗ್ಗೆ, ಪ್ರಶ್ನೆಗಳ ಬಗ್ಗೆ ಒಮ್ಮೆಲೇ ಯೋಚನೆ ಬಂತು. "ಇಲ್ಲಿ ಉಂಟು ಸರ್" ಎಂದೆ.

"ಮತ್ತೆ ನೀವು?"

ಹೊಟ್ಟೆ ಕೆಟ್ಟರೆ ಅವಳು ಬಿಟ್ಟ ನಡುವಿನ ಕುರ್ಚಿಯಿಂದ ಹೊರಬರುವುದು ಕಷ್ಟ, ಉಳಿದದ್ದು ಎದುರಿನ ಸಾಲು ಮಾತ್ರ. ಪುಸ್ತಕ ಎತ್ತಿಕೊಂಡು ಹೋಗಿ ಸರ್ ಅವರ ಮೂಗಿನ ಕೆಳಗೆ ಕೂತೆ. ಸಂಜೆ ವಾರಿಜನಿಗೆ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. "ಫ್ಯಾನು ಬಿಟ್ಟುಕೊಟ್ಟಿರಾ? ನೀವಾ?" ಎಂದಳು. "ಮದುವೆಯಾದಂದಿನಿಂದ ಈ ಮನೆಯ ಫ್ಯಾನಿನ ರೆಗ್ಯುಲೇಟರು ನನ್ನ ಕೈಗೆ ಸಿಕ್ಕಿದ್ದಿಲ್ಲ."

ದೀಕ್ಷಾ ಈಗ, ಅವಳೊಬ್ಬಳಿಗೆಂದು ಸರ್ ತೆರೆದಿಟ್ಟ ಬಾಗಿಲಿನಿಂದ, ನೆರಳಿನಂತೆ ಒಳಗೆ ಬಂದು ಕೂರುತ್ತಾಳೆ. ಅವಳಿಗೆ ಪರೀಕ್ಷೆಗೆ ಕೂರಲು ಅಪ್ಪಣೆಯೂ ಸಿಕ್ಕಿದೆ. ಅವಳಪ್ಪ ಬೇರೆ ಏನನ್ನು ಕಾಯುತ್ತಿದ್ದಾರೋ ಗೊತ್ತಿಲ್ಲ. ನನ್ನ ಮೇಲೆ ದಿನಾ ಮೊದಲ ಪ್ರಶ್ನೆ ಬೀಳುತ್ತದೆ. ಉತ್ತರ ತಪ್ಪಾದರೂ ಆಕಾಶ ಬೀಳುವುದಿಲ್ಲವೆಂದು ಕಂಡುಕೊಂಡೆ. ಈಚೆಗೆ ಎರಡು ಸರಿಯೂ ಆದವು. ಎದುರಿನಿಂದ ಎಡಗಿವಿಗೂ ಎಲ್ಲ ಕೇಳುತ್ತದೆ. ಮಧ್ಯಾಹ್ನ ಹೋದರೂ ಖಾಲಿಯೇ ಇರುವ ಕುರ್ಚಿ ಅದು. ಆದರೂ ನಾನು ಅದೇ ಮುಂಜಾನೆಯ ಬಸ್ಸಿನಲ್ಲಿ ಹೋಗುತ್ತೇನೆ, ಯಾಕೆಂದರೆ ಮನುಷ್ಯರ ಬುದ್ಧಿ ಹೇಳಲಾಗದು.

ನನ್ನ ಸಂಶಯ ನಿಜವಾಯಿತು. ಮೊನ್ನೆ ಬೇರೆ ವಿಭಾಗದಿಂದ ಹೊಸದಾಗಿ ಬಂದ ಒಬ್ಬ ಹುಡುಗ ನನಗಿಂತ ಮೊದಲೇ ಬಂದು, ಎದುರಿನ ಸಾಲಿನ ನನ್ನ ಕುರ್ಚಿಯಲ್ಲಿ ಆರಾಮಾಗಿ ಕೂತಿದ್ದ. ನನಗೆ ಅವನ ಮೇಲೆ ಕರುಣೆ ಉಕ್ಕಿ ಬಂತು. ಪಕ್ಕಕ್ಕೆ ಬಾಗಿ, "ಇಲ್ಲಿ ಗಾಳಿ ಇಲ್ಲ ಮಗಾ. ಸರ್ ದಿನಾ ಪ್ರಶ್ನೆ ಕೇಳ್ತಾರೆ. ಮಧ್ಯದಲ್ಲಿ ಎದ್ದು ಹೋಗ್ಲಿಕ್ಕೂ ಬಿಡುವುದಿಲ್ಲ. ನಿನ್ನ ಒಳ್ಳೆಯದಕ್ಕೇ ಹೇಳುವುದು" ಎಂದೆ. ಅವನು ಕೈಮುಗಿದು ಹಿಂದಿನ ಸಾಲಿಗೆ ಓಡಿದ. ಕುರ್ಚಿ ಇನ್ನೂ ಬಿಸಿಯಾಗಿತ್ತು. ಕೂತೆ.